ಅಮೆರಿಕದಲ್ಲಿ ಕಂಪನಿ ಕಟ್ಟಿದ್ದ ಟೆಲಿಫೋನ್ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಇಲ್ಲಿ ಹಳ್ಳಿಗೆಂದು ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಸಿದ್ದು ಯಾಕೆ?

ಏಸಿ ಇಲ್ಲದೆ ನಡೆಯುವ ಚಿಕ್ಕ ಡಿಜಿಟಲ್ ಎಕ್ಸ್‌ಚೇಂಜ್ ಹೊರದೇಶದಿಂದ ತರೋಣವೆಂದರೂ ಸಿಗುವಂತಿರಲಿಲ್ಲ, ಅದಕ್ಕೇ.

ಪಾವಗಡದಂಥ ಬಿಸಿಲೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಎಕ್ಸ್‌ಚೇಂಜ್ ಅಂದರೆ ಒಂದು ಫೋನಿನ ತಂತಿಯನ್ನು ಇನ್ನೊಂದಕ್ಕೆ ಕೂಡಿಸುವ ಯಂತ್ರ. ವಿದೇಶದ ಡಿಜಿಟಲ್ ಯಂತ್ರಗಳು ಸಾವಿರಾರು ಲೈನುಗಳ ಊರಿಗೆ, ತಣ್ಣನೆಯ ಕೋಣೆಗೆ ಅಂತ ಮಾಡಿದವು. ಏಪ್ರಿಲ್ ತಿಂಗಳ ಪಾವಗಡದಲ್ಲಿ ಅದನ್ನಿಟ್ಟು, ಕರೆಂಟು ಹೋದರೆ? ಏಸಿ ನಿಲ್ಲುತ್ತದೆ, ಒಳಗಿನ ಭಾಗಗಳು ಕಾದು ಯಂತ್ರವೂ ಕೆಡುತ್ತದೆ. ಪಿತ್ರೋಡಾ ಮುಂದೆ ನಿಂತು ಕಟ್ಟಿಸಿದ, 1984ರಲ್ಲಿ ಶುರುವಾದ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ತಂಡ ಕಡಿಮೆ ವಿದ್ಯುತ್ ಕುಡಿಯುವ ಭಾಗಗಳನ್ನು ಬಳಸಿತು. ವಿದ್ಯುತ್ ಕಡಿಮೆಯಾದರೆ ಬಿಸಿಯೂ ಕಡಿಮೆ, ಸುಮ್ನೆ ಗಾಳಿಯಾಡಿದರೆ ಸಾಕು. ಹಾಗೆ ಬಂದ 128 ಪೋರ್ಟಿನ (ಪೋರ್ಟು ಅಂದರೆ ಒಂದು ಲೈನು ಸಿಕ್ಕಿಸುವ ಜಾಗ) ಯಂತ್ರವನ್ನು ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಹಳ್ಳಿಗೆ ಅಷ್ಟು ಲೈನು ಧಾರಾಳವಾಯಿತು ಅಲ್ವಾ!

ಪಿತ್ರೋಡಾಗೆ ಈ ಕೆಲಸ ಹೊಸದಲ್ಲ. ಹುಟ್ಟಿದ್ದು 1942ರಲ್ಲಿ, ಒಡಿಶಾದ ಟಿಟ್ಲಾಗಢದಲ್ಲಿ. ಅಮೆರಿಕಕ್ಕೆ ಹೋಗುವ ತನಕ ಫೋನನ್ನೇ ಬಳಸಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಶಿಕಾಗೋದಲ್ಲಿ ಓದಿ, ಜಿಟಿಇ ಎಂಬ ಟೆಲಿಫೋನ್ ಕಂಪನಿಯಲ್ಲಿ ದುಡಿದು, 1974ರಲ್ಲಿ ಇತರರ ಜೊತೆ ಸೇರಿ ಡಿಜಿಟಲ್ ಎಕ್ಸ್‌ಚೇಂಜ್ ಮಾಡುವ ವೆಸ್ಕಾಮ್ ಸ್ವಿಚಿಂಗ್ ಕಂಪನಿ ಶುರುಮಾಡಿದರು. 1980ರಲ್ಲಿ ಅದನ್ನು ರಾಕ್‌ವೆಲ್ ಎಂಬ ಅಮೆರಿಕದ ಕಂಪನಿ ಕೊಂಡಿತು. ಎಕ್ಸ್‌ಚೇಂಜಿನ ಒಳಹೊರಗು ಗೊತ್ತಿದ್ದರಿಂದಲೇ ಏನನ್ನು ಬಿಡಬಹುದು ಅನ್ನುವುದೂ ಅವರಿಗೆ ಗೊತ್ತಿತ್ತು ಅಂತ ನನ್ನ ಅನಿಸಿಕೆ. ಆಮೇಲೆ ಬಂದ ಹಳದಿ ಎಸ್‌ಟಿಡಿ ಬೂತುಗಳ ಹಿಂದೆಯೂ ಇದ್ದದ್ದು ಇವರೇ.