ಮೊದಲ ಸಲ ವಿಶ್ವ ಯುವಜನ ದಿನಕ್ಕೆ ಹೊರಟಿದ್ದೇನೆ. ಯಾವ ಕಾರ್ಯಕ್ರಮ ತಪ್ಪಿಸಿಕೊಳ್ಳಬಾರದು? ಪೋಪರನ್ನು ಹತ್ತಿರದಿಂದ ನೋಡಲು ಏನು ಮಾಡಬೇಕು?

ಪ್ರಶ್ನೆಯ ಎರಡನೇ ಭಾಗ ಓದಿದಾಗ ಎದೆ ಧಸಕ್ಕೆಂದಿತು. 2023ರಲ್ಲಿ ಇದೇ ಕೂಟಕ್ಕೆ, ಅಂದರೆ ಜಗತ್ತಿನ ಕ್ಯಾಥೋಲಿಕ್ ಯುವಜನರು ಪೋಪರ ಜೊತೆ ಸೇರುವ ಮೇಳಕ್ಕೆ, ಪೋರ್ಚುಗಲ್‌ನ ಲಿಸ್ಬನ್‌ಗೆ ಹೊರಡುವ ಮುಂಚೆ ನಾನೂ ನಮ್ಮ ಫಾದರ್ ಹತ್ತಿರ ಇದನ್ನೇ ಕೇಳಿದ್ದೆ. ನೀವು ಹೊರಟಿರುವುದು 2027ರ ಆಗಸ್ಟ್ 3ರಿಂದ 8ರವರೆಗಿನ ಸಿಯೋಲ್‌ಗೆ. ಈಗ ಪೋಪ್ ಫ್ರಾನ್ಸಿಸ್ ಇಲ್ಲ, ಅವರ ಜಾಗದಲ್ಲಿ ಹದಿನಾಲ್ಕನೇ ಲಿಯೋ ಇದ್ದಾರೆ. ಆಸೆ ಮಾತ್ರ ಅದೇ. ಹಾಗಾಗಿ ನನಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಆಗಸ್ಟ್ 5, ಶನಿವಾರ. ರಾತ್ರಿಯ ಜಾಗರಣೆ ಟೇಜೋ ನದಿಯ ದಡದಲ್ಲಿ, ಟೇಜೋ ಪಾರ್ಕ್ ಎಂಬ ದೊಡ್ಡ ಬಯಲಿನಲ್ಲಿ. ಅಲ್ಲಿಗೆ ಎಲ್ಲರೂ ನಡೆದೇ ಹೋಗಬೇಕು, ಚೀಲ, ಚಾಪೆ, ನೀರು ಹೊತ್ತುಕೊಂಡು, ಸುಡುವ ಬಿಸಿಲಿನಲ್ಲಿ. ಸುಮಾರು 15 ಲಕ್ಷ ಜನ ಸೇರಿದ್ದರೆಂದು ಆಮೇಲೆ ಹೇಳಿದರು. ಬಯಲನ್ನು ಸೆಕ್ಟರ್‌ಗಳಾಗಿ ವಿಂಗಡಿಸಿ, ನಡುವೆ ಬ್ಯಾರಿಕೇಡ್ ಹಾಕಿ ದಾರಿ ಬಿಟ್ಟಿದ್ದರು. ನಮ್ಮ ತಂಡ ಜಾಗ ಹಿಡಿದು, ಚಾಪೆ ಹಾಸಿ, ನಡುವೆ ಒಂದು ತ್ರಿವರ್ಣ ಧ್ವಜ ನೆಟ್ಟು ಕೂತಿತ್ತು.

ಸಂಜೆ ಪೋಪರ ಗಾಡಿ ಸೆಕ್ಟರ್‌ಗಳ ನಡುವೆ ಬರುತ್ತಿರುವುದು ದೊಡ್ಡ ಪರದೆಯಲ್ಲಿ ಕಂಡಿತು. ನಮ್ಮ ಕಡೆಗೇ ತಿರುಗಿದ ಹಾಗಿತ್ತು. ನಾನು ಯಾರಿಗೂ ಹೇಳದೆ ಎದ್ದು ಓಡಿದೆ. ಕೈಯಲ್ಲಿದ್ದದ್ದು ಮೊಬೈಲ್ ಮಾತ್ರ. ಒಂದು ಸೆಕ್ಟರ್ ದಾಟಿದೆ, ಅಲ್ಲಿಂದ ಇನ್ನೊಂದು. ಬ್ಯಾರಿಕೇಡ್ ಹತ್ತಿರ ನೂಕುನುಗ್ಗಲಿನಲ್ಲಿ ನಿಂತೆ. ಬಿಳಿ ಗಾಡಿ ಬಂತು, ಹೋಯಿತು. ನಾನು ಕಂಡದ್ದು ಮುಂದಿನವರು ಎತ್ತಿ ಹಿಡಿದಿದ್ದ ಮೊಬೈಲ್‌ಗಳ ಸಂದಿಯಲ್ಲಿ ಒಂದು ಬಿಳಿ ತೋಳು.

ವಾಪಸ್ ಹೊರಟಾಗ ಸ್ವಯಂಸೇವಕರು ಬಂದ ದಾರಿಯನ್ನು ಮುಚ್ಚಿದ್ದರು. ಸುತ್ತಿ ಬಳಸಿ ಹೋಗುವಷ್ಟರಲ್ಲಿ ಕತ್ತಲಾಯಿತು. ಧ್ವಜ ನೋಡಿ ಗುರುತು ಹಿಡಿಯೋಣ ಎಂದರೆ ತ್ರಿವರ್ಣ ಒಂದೇ ಇದೆಯೇ? ಒಂದರ ಹತ್ತಿರ ಹೋದರೆ ಕೇರಳದವರು, ಇನ್ನೊಂದರ ಹತ್ತಿರ ಗೋವಾದವರು. ನೆಟ್‌ವರ್ಕ್ ಇಲ್ಲ, ಕಳಿಸಿದ ಮೆಸೇಜ್ ಒಂದೇ ಟಿಕ್‌ನಲ್ಲಿ ನಿಂತಿತ್ತು. ಸೆಕ್ಟರ್ ಸಂಖ್ಯೆ ಕೇಳಿದ ಸ್ವಯಂಸೇವಕಿಗೆ ಹೇಳಲು ನನಗೆ ಅದೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ವೇದಿಕೆಯ ಮೇಲೆ ಪರಮಪ್ರಸಾದವನ್ನು, ಕ್ರಿಸ್ತನ ದೇಹವೆಂದು ನಾವು ನಂಬುವ ರೊಟ್ಟಿಯನ್ನು, ಆರಾಧನೆಗೆ ಇಟ್ಟರು. ಬಯಲು ಪೂರ್ತಿ ಮಂಡಿಯೂರಿತು. ಅಷ್ಟು ಹೊತ್ತು ಹಾಡು, ಕೇಕೆ, ಡ್ರಮ್ ತುಂಬಿದ್ದ ಕಡೆ ಒಂದು ಕೆಮ್ಮು ಕೇಳಿಸುವಷ್ಟು ಮೌನ. ನಾನು ಮಾತ್ರ ಮಂಡಿಯೂರಿದವರ ನಡುವೆ, ಯಾರದೋ ಚಾಪೆ, ಯಾರದೋ ಬೆರಳು ತುಳಿಯದ ಹಾಗೆ ಕಾಲಿಡುತ್ತಾ ಅಲೆಯುತ್ತಿದ್ದೆ. ಕೊನೆಗೆ ನಮ್ಮವರು ಸಿಕ್ಕಿದಾಗ ಆರಾಧನೆ ಮುಗಿದಿತ್ತು, ಫಾದರ್ ಜಾಗದಲ್ಲಿ ಇರಲಿಲ್ಲ. ಅವರು ನನ್ನನ್ನು ಹುಡುಕುತ್ತಾ ಹೋಗಿದ್ದರು. ವರ್ಷಗಟ್ಟಲೆ ಈ ರಾತ್ರಿಗಾಗಿ ಹುಡುಗರನ್ನು ತಯಾರು ಮಾಡಿದ ಮನುಷ್ಯ ಆ ಮೌನವನ್ನು ನನ್ನಿಂದಾಗಿ ಕಳೆದುಕೊಂಡರು. ಬೈಯಲಿಲ್ಲ. 'ನೀರು ಕುಡಿದ್ಯೇನೋ?' ಅಂದರು, ಅಷ್ಟೇ.

ಈ ತಪ್ಪನ್ನು ಬಿಡಿಸಿ ಹೇಳಬೇಕು. ಸಂಖ್ಯೆ ಬರೆದುಕೊಂಡಿದ್ದರೆ, ಪಕ್ಕದವನಿಗೆ ಹೇಳಿ ಹೋಗಿದ್ದರೆ ಅಂತ ಎಲ್ಲರೂ ಹೇಳುತ್ತಾರೆ. ಅದೂ ನಿಜ, ನೀವು ಬರೆದುಕೊಳ್ಳಿ, ಹೇಳಿಯೇ ಹೋಗಿ. ಆದರೆ ತಪ್ಪು ಅದಕ್ಕಿಂತ ಮುಂಚೆಯೇ ಶುರುವಾಗಿತ್ತು. ಊರಿನಲ್ಲಿ ಪಟ್ಟಿ ಮಾಡುವಾಗಲೇ ನಾನು ಯಾತ್ರೆಯನ್ನು ನೋಡಬೇಕಾದ್ದರ ಲೆಕ್ಕವಾಗಿ ಇಟ್ಟುಕೊಂಡಿದ್ದೆ. ಪಟ್ಟಿಯಲ್ಲಿ ಪೋಪ್ ಇದ್ದರು, ಆರಾಧನೆ ಇರಲಿಲ್ಲ. ಜೊತೆಗೆ ಬಂದವರೂ ಇರಲಿಲ್ಲ. ಗಾಡಿ ಕಂಡಾಗ ಕಾಲು ತಾನಾಗಿ ಓಡಿದ್ದು ಅದಕ್ಕೇ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೋಪರನ್ನು ಹತ್ತಿರದಿಂದ ನೋಡುವ ಯೋಜನೆ ಕೈಬಿಡಿ. ಅವರ ಮಾತು ಸ್ಪೀಕರ್‌ನಲ್ಲಿ ಎಲ್ಲ ಸೆಕ್ಟರ್‌ಗೂ ಒಂದೇ ರೀತಿ ಕೇಳಿಸುತ್ತದೆ. ಲಿಸ್ಬನ್‌ನಲ್ಲಿ ಆಗಸ್ಟ್ 3ರ ಸ್ವಾಗತ ಸಭೆಯಲ್ಲಿ ಫ್ರಾನ್ಸಿಸ್ ಅವರು ಧರ್ಮಸಭೆಯಲ್ಲಿ ಎಲ್ಲರಿಗೂ ಜಾಗವಿದೆ ಎಂದು ಹೇಳಿ, 'ತೋದೋಸ್, ತೋದೋಸ್, ತೋದೋಸ್' ಅಂತ ಜನರಿಂದಲೂ ಹೇಳಿಸಿದರು. ಎಲ್ಲರೂ, ಎಲ್ಲರೂ, ಎಲ್ಲರೂ. ನಾನು ತೀರಾ ಹಿಂದೆ ನಿಂತು ಅದನ್ನು ಕೂಗಿದ್ದೆ, ಗಂಟಲು ಕಟ್ಟಿತ್ತು.

ಇನ್ನು ಕಾರ್ಯಕ್ರಮಗಳು. ಬೆಳಗಿನ ಧರ್ಮೋಪದೇಶ ತಪ್ಪಿಸಬೇಡಿ. ಬಿಷಪರು ಒಂದೊಂದು ಭಾಷೆಯವರನ್ನು ಕೂರಿಸಿಕೊಂಡು ಮಾತಾಡುವ, ಪ್ರಶ್ನೆ ಕೇಳಿಸಿಕೊಳ್ಳುವ ಹೊತ್ತು ಅದು. ಊರು ಸುತ್ತಲು ಹುಡುಗರು ಮೊದಲು ಬಿಡುವುದೂ ಅದನ್ನೇ, ನನಗೆ ಅದು ಸರಿ ಕಾಣುವುದಿಲ್ಲ. ಪಾಪನಿವೇದನೆಯನ್ನು 'ಊರಿಗೆ ಹೋಗಿ ಮಾಡಿದರಾಯ್ತು' ಅಂತ ಮುಂದೂಡಬೇಡಿ. ಲಿಸ್ಬನ್‌ನ ಬೆಲೆಂ ಭಾಗದಲ್ಲಿ 150 ಪಾಪನಿವೇದನೆಯ ಪೀಠಗಳನ್ನು ಇಟ್ಟಿದ್ದರು, ಅವನ್ನು ಮಾಡಿಕೊಟ್ಟವರು ಪೋರ್ಚುಗಲ್‌ನ ಜೈಲುಗಳ ಕೈದಿಗಳು. ಮರದ ಆ ಪೀಠದಲ್ಲಿ ಮಂಡಿಯೂರಿದಾಗ ಅದನ್ನು ಮಾಡಿದವನ ನೆನಪಾಗದೆ ಇರಲಿಲ್ಲ.

ಮುಖ್ಯ ವಾರಕ್ಕಿಂತ ಮುಂಚೆ ಆ ದೇಶದ ಧರ್ಮಪ್ರಾಂತ್ಯಗಳಲ್ಲಿ, ಅಂದರೆ ಒಬ್ಬೊಬ್ಬ ಬಿಷಪರ ಕೈಕೆಳಗಿನ ಪ್ರದೇಶಗಳಲ್ಲಿ, ಕಳೆಯುವ ದಿನಗಳಿರುತ್ತವೆ. ರಜೆ, ಖರ್ಚು ಅಂತ ಅದನ್ನು ಕೈಬಿಡಲು ಮನೆಯಲ್ಲಿ ಹೇಳಬಹುದು. ಬಿಡಬೇಡಿ. ನಾನು ಉಳಿದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋರ್ಚುಗೀಸ್ ಬಾರದು. ರಾತ್ರಿ ಊಟ ಆದ ಮೇಲೆ ಅವರು ಜಪಸರ ತೆಗೆದರು, ನಾನೂ ತೆಗೆದೆ. ಅವರು ಮರಿಯಮ್ಮನ ಪ್ರಾರ್ಥನೆ 'ಅವೆ ಮರಿಯ'ದ ಅರ್ಧವನ್ನು ಅವರ ಭಾಷೆಯಲ್ಲಿ ಹೇಳಿ ನಿಲ್ಲಿಸುವರು, ಉಳಿದರ್ಧ ನಾನು ಕನ್ನಡದಲ್ಲಿ. ಜಪಸರದ ಐದೂ ರಹಸ್ಯ, ಅಂದರೆ ಐದೂ ಸುತ್ತು, ಹಾಗೇ ಮುಗಿಯಿತು.

ಸಿಯೋಲ್‌ಗೆ ಹೋಗುವವರು ಅಲ್ಲಿನ ಕಥೆಯನ್ನು ಓದಿಕೊಂಡೇ ಹೋಗಬೇಕು ಅಂತ ನನ್ನ ಹಟ. ಕೊರಿಯಾದ ಧರ್ಮಸಭೆಯನ್ನು ಕಟ್ಟಿದ್ದು ಹೊರಗಿಂದ ಬಂದ ಪಾದ್ರಿಗಳಲ್ಲ. ಪುಸ್ತಕ ಓದಿ ನಂಬಿದ ಗೃಹಸ್ಥರು. ಅವರಲ್ಲೊಬ್ಬ ಯಿ ಸುಂಗ್ ಹುನ್ 1784ರಲ್ಲಿ ಬೀಜಿಂಗ್‌ನಲ್ಲಿ ಜ್ಞಾನಸ್ನಾನ ಪಡೆದು ಬಂದು ಗೆಳೆಯರಿಗೆ ತಾನೇ ಕೊಟ್ಟ. ಮೊದಲ ಕೊರಿಯನ್ ಗುರು ಆಂಡ್ರ್ಯೂ ಕಿಮ್ ತೇಗೊನ್ 1846ರಲ್ಲಿ ನಂಬಿಕೆಗಾಗಿ ತಲೆ ಕೊಟ್ಟಾಗ ವಯಸ್ಸು 25. ನಿಮಗಿಂತ ಎಷ್ಟು ದೊಡ್ಡವನು ಲೆಕ್ಕ ಹಾಕಿ. 1984ರಲ್ಲಿ ಸಿಯೋಲ್‌ನಲ್ಲೇ ಸಂತರೆಂದು ಘೋಷಿತರಾದ 103 ಹುತಾತ್ಮರಲ್ಲಿ 44 ಜನ ಪ್ರಾಣ ಬಿಟ್ಟದ್ದು ಸೊಸೊಮುನ್ ಎಂಬ ಒಂದೇ ಜಾಗದಲ್ಲಿ, ನಗರದ ನಡುವೆಯೇ ಇದೆ. ಬಿಡುವು ಸಿಕ್ಕಿದ ಮಧ್ಯಾಹ್ನ ಕೆ-ಪಾಪ್ ಅಂಗಡಿಗಳ ಕಡೆ ಹೊರಡುವ ಗೆಳೆಯರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಅಲ್ಲಿ ಆಗಸ್ಟ್ ಎಂದರೆ ಬೆವರು, ಮಳೆ ಎರಡೂ. ಹೊಸ ಶೂ ಬೇಡ, ಇಲ್ಲೇ ಸವೆಸಿದ್ದನ್ನು ಹಾಕಿಕೊಳ್ಳಿ. ತಂಡದ ಫಾದರ್ ನಂಬರು, ಉಳಿಯುವ ವಿಳಾಸ, ಸೆಕ್ಟರ್ ಸಂಖ್ಯೆ ಮೂರನ್ನೂ ಕಾಗದದ ಮೇಲೆ ಬರೆದು ಪಾಸ್‌ನ ಹಿಂದೆ ಸಿಕ್ಕಿಸಿ. ಹೆಸರನ್ನು ಒಂಟಿಯಾಗಿ ನೋಂದಾಯಿಸಬೇಡಿ, ನಿಮ್ಮ ಧರ್ಮಪ್ರಾಂತ್ಯದ ಯುವಜನ ನಿರ್ದೇಶಕರ ಮೂಲಕ ತಂಡದಲ್ಲೇ ಕೊಡಿ. ಜಾಗರಣೆಯ ರಾತ್ರಿ ಗಾಡಿ ಎಷ್ಟೇ ಹತ್ತಿರ ಬರಲಿ, ಆ ತಂಡದ ಚಾಪೆ ಬಿಟ್ಟು ಏಳಬೇಡಿ.