ಸಂಪಾದಕರ ಉತ್ತರ: ಸ್ಕಾಟ್ಲೆಂಡಿನ ಗಂಜಿ ಪುಸ್ತಕಕ್ಕೆ ಬಂದದ್ದು ಯಾವಾಗ?

ನಿಮ್ಮ ಪತ್ರ ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಓಟ್ಸ್ ಗಂಜಿಯ ಬಗ್ಗೆ ಬರೆದಾಗ ಮರಿಯನ್ ಮ್ಯಾಕ್‌ನೀಲ್ ಅವರ ‘ದಿ ಸ್ಕಾಟ್ಸ್ ಕಿಚನ್’ ಪುಸ್ತಕದ ಹೆಸರು ಹೇಳಿದ್ದೆವು. ಅದು ಬಂದದ್ದು 1929ರಲ್ಲಿ, ಅದನ್ನೇ ಹಿಡಿದುಕೊಂಡು ಸಾಂಪ್ರದಾಯಿಕ ಅಂತೀರಲ್ಲ, ಅದಕ್ಕಿಂತ ಹಳೇದು ಇಲ್ವಾ ಅಂತ ಕೇಳಿದ್ದೀರಿ. ಸರಿಯಾದ ಪ್ರಶ್ನೆ.

ಹಳೇ ಪುಸ್ತಕಗಳು ಇವೆ. ಸ್ಕಾಟ್ಲೆಂಡಿನಲ್ಲಿ ಅಚ್ಚಾದ ಮೊದಲ ಅಡುಗೆ ಪುಸ್ತಕ ಅನ್ನುವುದು 1736ರಲ್ಲಿ ಗ್ಲಾಸ್ಗೋದಲ್ಲಿ ಬಂದದ್ದನ್ನು. ಬರೆದವರು ಮಿಸೆಸ್ ಮೆಕ್‌ಲಿಂಟಾಕ್. ಅಷ್ಟೇ ಹೆಸರು. 1755ರಲ್ಲಿ ಎಡಿನ್‌ಬರೊದ ಎಲಿಜಬೆತ್ ಕ್ಲೆಲ್ಯಾಂಡ್, 1773ರಲ್ಲಿ ಅಲ್ಲಿಯವರೇ ಆದ ಸುಸಾನಾ ಮೆಕೈವರ್ ಬರೆದರು. ಇವರಿಬ್ಬರೂ ಅಡುಗೆ ಶಾಲೆ ನಡೆಸುತ್ತಿದ್ದವರು. ದುಡ್ಡು ಕೊಟ್ಟು ಬರುವ ಹುಡುಗಿಯರಿಗೆ ಪೈ, ಮುರಬ್ಬ, ಮಾಂಸದ ಅಡುಗೆ ಕಲಿಯಬೇಕಿತ್ತು. ಗಂಜಿ ಕಾಯಿಸೋದನ್ನ ಶಾಲೆಗೆ ಹೋಗಿ ಯಾರು ಕಲೀತಾರೆ ಹೇಳಿ? ಹಾಗಾಗಿಯೇ ದಿನದ ಊಟ ಪುಸ್ತಕಕ್ಕೆ ಬರುವುದು ಎಲ್ಲಕ್ಕಿಂತ ತಡವಾಗಿ ಅಂತ ನಾನು ನಂಬಿದ್ದೇನೆ.

ಕ್ಲೆಲ್ಯಾಂಡ್ ಪುಸ್ತಕ ಬಂದ ಅದೇ 1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟೂ ಬಂತು. ಓಟ್ಸ್ ಅಂದರೆ ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಧಾನ್ಯ ಅಂತ ಅದರಲ್ಲಿದೆ. ಎಲ್ಲರೂ ಇದನ್ನು ಚುಚ್ಚುಮಾತು ಅಂತಲೇ ನೆನೆಯುತ್ತಾರೆ. ಆದರೆ ಜನರನ್ನು ಸಾಕಿದ್ದು ನಿಜ ಅಲ್ವಾ?

1826ರಲ್ಲಿ ಮೆಗ್ ಡಾಡ್ಸ್ ಹೆಸರಲ್ಲಿ ಒಂದು ಪುಸ್ತಕ ಬಂತು. ಮೆಗ್ ಡಾಡ್ಸ್ ಅಂದರೆ ವಾಲ್ಟರ್ ಸ್ಕಾಟ್ ಕಾದಂಬರಿಯ ಛತ್ರದ ಯಜಮಾನಿ. ನಿಜಕ್ಕೂ ಬರೆದವರು ಪತ್ರಕರ್ತೆ ಕ್ರಿಶ್ಚಿಯನ್ ಇಸೊಬೆಲ್ ಜಾನ್‌ಸ್ಟನ್. ಕುರಿಯ ಒಳಾಂಗಗಳಿಂದ ಮಾಡುವ ಹ್ಯಾಗಿಸ್‌ನಂಥ ನಾಡಿನ ಅಡುಗೆಗಳಿಗೆ ಅದರಲ್ಲಿ ಮರ್ಯಾದೆಯ ಜಾಗ ಸಿಕ್ಕಿತು.

ಇಷ್ಟಾದ ಮೇಲೆ ಮ್ಯಾಕ್‌ನೀಲ್. ಆರ್ಕ್ನಿ ದ್ವೀಪದಲ್ಲಿ ಹುಟ್ಟಿದವರು. ಮರೆತುಹೋಗುತ್ತಿದ್ದ ಅಡುಗೆಗಳನ್ನು ಉಳಿಸಬೇಕು ಅಂತಲೇ ಕೂತು ಬರೆದರು, ಹಿಂದಿನ ಪುಸ್ತಕಗಳನ್ನೂ ಹುಡುಕಿ ಅವುಗಳಿಂದ ಎತ್ತಿಕೊಂಡು ಸೇರಿಸಿದರು. ಪುಸ್ತಕ ಹೊಸದಿರಬಹುದು, ಒಳಗಿರುವುದು ಹೊಸದಲ್ಲ. ಅವರು ಗಂಜಿ ಮಾಡುವುದನ್ನು ಹೇಳಿದ ರೀತಿ ನೋಡಿ. ಕುದಿಯುವ ನೀರಿಗೆ ಎಡಗೈಯಿಂದ ಓಟ್ಸ್ ಹಿಟ್ಟು ಜಡಿಮಳೆಯ ಹಾಗೆ ಒಂದೇ ಸಮನೆ ಉದುರಬೇಕು, ಬಲಗೈ ಅದನ್ನು ಸ್ಪರ್ಟಲ್ ಅನ್ನುವ ಮರದ ಕೋಲಿನಿಂದ ತಿರುವುತ್ತಲೇ ಇರಬೇಕು, ಅದೂ ಸೂರ್ಯ ಸಾಗುವ ದಿಕ್ಕಿಗೆ, ಒಳ್ಳೆಯದಾಗಲಿ ಅಂತ. ತಿನ್ನುವಾಗ ಕೆನೆಯನ್ನು ಗಂಜಿಗೆ ಸುರಿಯುವ ಹಾಗಿಲ್ಲ. ಅದಕ್ಕೆ ಬೇರೆ ಬಟ್ಟಲು. ಸುಡುವ ಗಂಜಿಯ ಒಂದೊಂದು ಚಮಚವನ್ನೂ ತಣ್ಣನೆಯ ಕೆನೆಯಲ್ಲಿ ಅದ್ದಿ ಬಾಯಿಗಿಡಬೇಕು. ಇದೆಲ್ಲ ಸುಮ್ನೆ ಕಲ್ಪಿಸಿ ಬರೆಯೋಕೆ ಆಗಲ್ಲ. ಮಾಡುವವರ ಪಕ್ಕದಲ್ಲಿ ನಿಂತವರಿಗೆ ಮಾತ್ರ ಗೊತ್ತಿರುತ್ತದೆ.

ಇನ್ನೊಂದು ವಿಷಯ. ನಾವು ಕೊಟ್ಟ ವಿಧಾನದಲ್ಲಿ ಉಪ್ಪನ್ನು ಮೊದಲೇ ಹಾಕಿ ಅಂತ ಅಚ್ಚಾಗಿತ್ತು. ತಪ್ಪು ನಮ್ಮದು. ಮೊದಲೇ ಹಾಕಿದರೆ ಹಿಟ್ಟು ಗಟ್ಟಿಯಾಗಿ ಸರಿಯಾಗಿ ಅರಳುವುದಿಲ್ಲ ಅಂತ ಮ್ಯಾಕ್‌ನೀಲ್ ಹೇಳುತ್ತಾರೆ. ಕನಿಷ್ಠ ಹತ್ತು ನಿಮಿಷ ಬೆಂದ ಮೇಲೆ ಹಾಕಿ.