ನಾರು ತಿಂದರೂ ಹೊಟ್ಟೆ ಉಬ್ಬರ ಯಾಕೆ?

ಓದುಗರ ಪತ್ರ: ನನಗೆ 54 ವರ್ಷ. ಹಾಸನದ ಕಡೆಯ ಹಳ್ಳಿಯವಳು. ಮಗನ ಮನೆಗೆಂದು ಬೆಂಗಳೂರಿಗೆ ಬಂದ ಮೇಲೆ ಮಲಬದ್ಧತೆ ಶುರುವಾಯಿತು. ಊರಿನಲ್ಲಿ ಎರಡು ಹೊತ್ತೂ ಮುದ್ದೆ, ಇಲ್ಲಿ ಇಡ್ಲಿ, ಅನ್ನ, ತಿಳಿಸಾರು. ನಿಮ್ಮ ಪತ್ರಿಕೆಯಲ್ಲಿ ನಾರಿನಂಶದ ಲೇಖನ ಓದಿ ಓಟ್ಸ್, ಗೋಧಿ ಹೊಟ್ಟು, ಇಸಬ್‌ಗೋಲ್ ಎಲ್ಲ ಒಟ್ಟಿಗೇ ತಿನ್ನತೊಡಗಿದೆ. ಈಗ ಹೊಟ್ಟೆ ಉಬ್ಬರಿಸಿ ಕೂರಲೂ ಆಗುವುದಿಲ್ಲ. ನಾರು ನಿಜಕ್ಕೂ ಒಳ್ಳೆಯದೇ? ನನಗೊಬ್ಬಳಿಗೆ ಮುದ್ದೆ ಮಾಡು ಎಂದು ಸೊಸೆಗೆ ಹೇಳಲು ಸಂಕೋಚ. ಒಮ್ಮೊಮ್ಮೆ ರಕ್ತವೂ ಕಾಣುತ್ತದೆ. ಮೂಲವ್ಯಾಧಿ ಇರಬೇಕು ಎಂದು ಸುಮ್ಮನಿದ್ದೇನೆ.

ಸಂಪಾದಕರ ಉತ್ತರ:

ಸೋದರಿ, ನಮಸ್ಕಾರ. ಮೊದಲು ನಿಮ್ಮ ಕೊನೆಯ ಸಾಲು. ರಕ್ತ ಕಂಡ ಮೇಲೆ ಸುಮ್ಮನಿರಬೇಡಿ. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ನೋಡಿ ಹೇಳಬೇಕಾದವರು ಡಾಕ್ಟರು, ನೀವೂ ಅಲ್ಲ, ನಾನೂ ಅಲ್ಲ. ನಿಮ್ಮ ವಯಸ್ಸಿನಲ್ಲಿ ಮಲ ಹೋಗುವ ರೀತಿ ಬದಲಾಗಿ, ಜೊತೆಗೆ ರಕ್ತವೂ ಬಂದರೆ ಕರುಳಿನ ಪರೀಕ್ಷೆ ಬೇಕೇ ಎಂದು ಅವರೇ ತೀರ್ಮಾನಿಸಲಿ. ಈ ವಾರವೇ ಮಗನನ್ನು ಕರೆದುಕೊಂಡು ಹೋಗಿ. ತೂಕ ಇಳಿದಿದ್ದರೆ, ಸುಸ್ತು ಜಾಸ್ತಿಯಾಗಿದ್ದರೆ ಅದನ್ನೂ ಹೇಳಿ. ಮುಂದೆ ನಾನು ಬರೆಯುವ ಯಾವುದೂ ಆ ಭೇಟಿಯ ಬದಲಿಗೆ ಅಲ್ಲ.

ಇನ್ನು ನಾರಿನ ವಿಷಯ. ಒಳ್ಳೆಯದೇ, ಅನುಮಾನ ಬೇಡ. ನಿಮ್ಮ ತೊಂದರೆ ಎಲ್ಲಿ ಶುರುವಾಯಿತು ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಸುಳಿವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆಯ ಜೊತೆಗಿದ್ದ ಬಸ್ಸಾರು, ಹುರುಳಿಕಾಳು, ಸೊಪ್ಪು ಕೂಡ ತಟ್ಟೆಯಿಂದ ಹೋದವು, ಅಲ್ವಾ? ಹೊಟ್ಟೆ ಮೊದಲಿನಷ್ಟೇ ತುಂಬುತ್ತದೆ. ನಾರು ಮಾತ್ರ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಊಟಕ್ಕೂ ಮಲಕ್ಕೂ ಇರುವ ಈ ನಂಟನ್ನು ಜಗತ್ತಿನ ಗಮನಕ್ಕೆ ತಂದವರಲ್ಲಿ ಮುಖ್ಯರು ಡೆನಿಸ್ ಬರ್ಕಿಟ್. ಐರ್ಲೆಂಡ್ ಮೂಲದ ಈ ಸರ್ಜನ್ ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಆಫ್ರಿಕಾದ ಹಳ್ಳಿಯ ಊಟ ಉಣ್ಣುವವರಲ್ಲಿ ಆಹಾರ ಬೇಗ ಕರುಳು ದಾಟುತ್ತದೆ, ಮಲವೂ ಹೆಚ್ಚಿರುತ್ತದೆ, ಬ್ರಿಟನ್ನಿನವರಲ್ಲಿ ಹಾಗಿಲ್ಲ ಎಂದು 1972ರಲ್ಲಿ ಅವರೂ ಜೊತೆಗಾರರೂ ಬರೆದರು. ನಿಮ್ಮ ಹಳ್ಳಿಗೂ ಬೆಂಗಳೂರಿಗೂ ಇರುವ ವ್ಯತ್ಯಾಸವೂ ಅದೇ ಬಗೆಯದು.

ಹಾಗಾದರೆ ಉಬ್ಬರ ಯಾಕೆ? ನಾರನ್ನು ಅರಗಿಸುವ ರಸ ನಮ್ಮ ಹೊಟ್ಟೆಯಲ್ಲಿ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ನಾರನ್ನು ಹುಳಿಸಿದಾಗ ಬ್ಯುಟಿರೇಟ್ ಎಂಬ ಆಮ್ಲ ಹುಟ್ಟುತ್ತದೆ. ಕರುಳಿನ ಒಳಪದರದ ಕೋಶಗಳು ಬಹುಪಾಲು ಅದರಿಂದಲೇ ಶಕ್ತಿ ಪಡೆಯುತ್ತವೆ. ಜೊತೆಗೆ ಗ್ಯಾಸೂ ಹುಟ್ಟುತ್ತದೆ. ನಾರು ನಿಧಾನವಾಗಿ ಏರಿದರೆ ಕರುಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ನೀವು ಮೂರು ಬಗೆಯ ನಾರನ್ನು ಒಂದೇ ಸಲ ಸುರಿದಿರಿ. ಅದಕ್ಕೇ ಈ ಕಷ್ಟ.

ಗೋಧಿ ಹೊಟ್ಟನ್ನು ಮೊದಲು ನಿಲ್ಲಿಸಿ. ಸೂಕ್ಷ್ಮ ಕರುಳಿನ ಕೆಲವರಿಗೆ ಅದು ನೋವು, ಉಬ್ಬರ ಎರಡನ್ನೂ ಹೆಚ್ಚಿಸುತ್ತದೆ. ಓಟ್ಸ್ ಬೇಕೆಂದೇನೂ ಇಲ್ಲ, ಇಷ್ಟವಿದ್ದರೆ ಆಮೇಲೆ ತಿನ್ನಿ. ಇಸಬ್‌ಗೋಲನ್ನು ಡಾಕ್ಟರು ಸರಿ ಎಂದರೆ ಮಾತ್ರ ಮುಂದುವರಿಸಿ. ಅದು ನೀರು ಹೀರಿ ಲೋಳೆಯಾಗಿ ಮಲವನ್ನು ಮೆತ್ತಗೆ ಮಾಡುತ್ತದೆ. ನೀರು ಸಾಲದಿದ್ದರೆ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳುವ ಅಪಾಯವಿದೆ. ಆದ್ದರಿಂದ ಒಂದು ದೊಡ್ಡ ಲೋಟ ನೀರಿಗೆ ಹಾಕಿ ಕೂಡಲೇ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು. ಕುಡಿದ ತಕ್ಷಣ ಮಲಗಬೇಡಿ. ಥೈರಾಯ್ಡ್ ಅಥವಾ ಬೇರೆ ಮಾತ್ರೆ ನುಂಗುತ್ತಿದ್ದರೆ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೆ ಹತ್ತದೆ ಹೋಗಬಹುದು.

ಆಮೇಲೆ ತಟ್ಟೆಯನ್ನು ಸರಿ ಮಾಡೋಣ. ನನಗೆ ಪುಡಿ, ಡಬ್ಬಿಗಳಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ. ಮೊದಲ ವಾರ ಒಂದು ಹೊತ್ತು ಮಾತ್ರ ಮುದ್ದೆ. ಹೊಟ್ಟೆ ಒಗ್ಗಿದ ಮೇಲೆ ಹುರುಳಿ, ಅಲಸಂದೆ, ಹೆಸರುಕಾಳು ಒಂದೊಂದಾಗಿ ಬರಲಿ. ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಿದರೆ ಗ್ಯಾಸ್ ಸ್ವಲ್ಪ ಕಡಿಮೆ. ಸೀಬೆಹಣ್ಣು ಸಿಕ್ಕರೆ ಬಿಡಬೇಡಿ, ನಾರು ಹೆಚ್ಚಿರುವ ಹಣ್ಣುಗಳಲ್ಲಿ ಅದೂ ಒಂದು. ಜ್ಯೂಸ್ ಸೋಸಿ ಕುಡಿದರೆ ನಾರೆಲ್ಲ ಸೋಸಣಿಗೆಯಲ್ಲೇ ಉಳಿಯುತ್ತದೆ. ಊರಿನಲ್ಲಿದ್ದ ಓಡಾಟ ಅಪಾರ್ಟ್‌ಮೆಂಟಿನಲ್ಲಿ ಇರುವುದಿಲ್ಲ, ಸಂಜೆ ಕೆಳಗಿಳಿದು ನಡೆಯಿರಿ. ಮಲದ ಒತ್ತಡ ಬಂದಾಗ ತಡೆಯಬೇಡಿ.

ಸೊಸೆಯ ಹತ್ತಿರ ಸಂಕೋಚ ಬಿಟ್ಟು ಕೇಳಿ. ನಾರು ನಿಮಗೊಬ್ಬರಿಗೇ ಬೇಕಾದದ್ದಲ್ಲ, ಇಡೀ ದಿನ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅವರಿಬ್ಬರಿಗೂ ಬೇಕು. ಅವರಿಗೆ ಮುದ್ದೆ ನುಂಗಿ ಅಭ್ಯಾಸವಿಲ್ಲದಿದ್ದರೆ ರಾಗಿ ಹಿಟ್ಟಿಗೆ ಈರುಳ್ಳಿ, ನುಗ್ಗೆಸೊಪ್ಪು ಹಾಕಿ ರೊಟ್ಟಿ ತಟ್ಟಿಕೊಡಿ.